ಮೊದಲು ಉಸಿರು, ಆಮೇಲೆ ಮೂಳೆ

ವಾಹನ ಡಿಕ್ಕಿ ಹೊಡೆದ ನಾಯಿಯನ್ನೋ ಮಹಡಿಯಿಂದ ಬಿದ್ದ ಬೆಕ್ಕನ್ನೋ ಪಶು ಆಸ್ಪತ್ರೆಗೆ ತಂದವರ ಕಣ್ಣು ಮೊದಲು ಹೋಗುವುದು ಜೋತುಬಿದ್ದ ಕಾಲಿನ ಮೇಲೆ. ಅಂದೇ ಅರಿವಳಿಕೆ ಕೊಟ್ಟು ಆಪರೇಷನ್ ಮಾಡದಿದ್ದರೆ ವೈದ್ಯರಿಗೆ ಕರುಣೆಯಿಲ್ಲ, ಬೀದಿನಾಯಿಯೆಂದರೆ ಅಸಡ್ಡೆ ಎಂಬ ದೂರು ಶುರುವಾಗುತ್ತದೆ. ದೂರಿನ ಹಿಂದಿನ ಕಾಳಜಿ ನಿಜವೇ. ಆದರೆ ಆ ಒತ್ತಡಕ್ಕೆ ಮಣಿದು ವೈದ್ಯರು ಅವಸರ ಮಾಡಿದರೆ ಪ್ರಾಣ ತೆರುವುದು ಆ ಮೂಕಜೀವಿ. ಎದೆಗೆ ಪೆಟ್ಟು ಬಿದ್ದ ಶಂಕೆಯಿದ್ದಾಗ ಅರಿವಳಿಕೆಯನ್ನು ಮುಂದೂಡುವುದೂ ಚಿಕಿತ್ಸೆಯೇ.

ಜಜ್ಜಿದ ಶ್ವಾಸಕೋಶದ ಸ್ಥಿತಿ ಮೊದಲ 24ರಿಂದ 48 ಗಂಟೆಗಳಲ್ಲಿ ಇನ್ನಷ್ಟು ಹದಗೆಡಬಹುದು; ಪೆಟ್ಟು ತಿಂದ ಹೃದಯ ತಾಳ ತಪ್ಪುವುದು ಎಷ್ಟೋ ಸಲ ಮರುದಿನ. ಆದ್ದರಿಂದ ಬಂದ ಕೂಡಲೇ ತೆಗೆದ ಎಕ್ಸ್-ರೇ ಚೆನ್ನಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಅರಿವಳಿಕೆಯ ಬಹುತೇಕ ಔಷಧಗಳು ಉಸಿರಾಟವನ್ನೋ ರಕ್ತದೊತ್ತಡವನ್ನೋ ತಗ್ಗಿಸುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವ ಕ್ಸೈಲಜೀನ್ ಹೃದಯ ಹೊರದೂಡುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದು ತಿಳಿಯದೆ ಒತ್ತಡದಿಂದ ಉಸಿರು ತುಂಬಿದರೆ ಆ ಗಾಳಿ ಹೆಚ್ಚಿ ನಿಮಿಷಗಳಲ್ಲೇ ಜೀವ ಹೋಗಬಹುದು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಆರೋಗ್ಯವಂತ ನಾಯಿಗಳಲ್ಲಿ ಶೇ. 0.05, ಅಸ್ವಸ್ಥ ನಾಯಿಗಳಲ್ಲಿ ಶೇ. 1.33. ಅಂದರೆ ಇಪ್ಪತ್ತೈದು ಪಟ್ಟಿಗೂ ಹೆಚ್ಚು.

ಹಾಗಾದರೆ ನೋವಿನಲ್ಲಿ ನರಳಲು ಬಿಡಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ನೋವು ಕಳೆಯಲು ಪ್ರಜ್ಞೆ ತಪ್ಪಿಸಲೇಬೇಕೆಂದಿಲ್ಲ. ಪಕ್ಕೆಲುಬಿನ ನೋವು ಉಸಿರನ್ನೇ ಮೊಟಕಾಗಿಸುವುದರಿಂದ ಮೊದಲ ಗಳಿಗೆಯಿಂದಲೇ ನೋವು ನಿವಾರಕ ಬೇಕು, ಜೊತೆಗೆ ಆಮ್ಲಜನಕ. ಎದೆಗೂಡಿನ ಗಾಳಿಯನ್ನು ಸೂಜಿಯಿಂದ ಹೊರತೆಗೆಯಲು ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ಮುರಿದ ಕಾಲು ಕಟ್ಟಿನೊಳಗೆ ಕೆಲವು ದಿನ ಕಾದೀತು. ಕಾಯುವುದೇ ನೆಪವಾಗಿಬಿಟ್ಟರೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎದೆ-ಹೊಟ್ಟೆಗಳ ನಡುವಿನ ಪರದೆಯಾದ ವಪೆ ಹರಿದು ಜಠರ ಎದೆಯೊಳಗೆ ನುಗ್ಗಿ ಉಬ್ಬಿದರೆ ತಡಮಾಡುವುದೇ ಕೊಲೆ. ಹರಿದ ವಪೆಯ ಆಪರೇಷನ್ನಿಗೆ 24 ಗಂಟೆ ಕಾಯಬೇಕೆಂಬ ಹಳೆಯ ನಿಯಮವನ್ನೂ ನಂತರದ ಅನುಭವ ಸಡಿಲಿಸಿದೆ. ಹೀಗಾಗಿ ನಿರ್ಧಾರ ಗಡಿಯಾರದ್ದಲ್ಲ, ಮಾಲೀಕರ ಅಥವಾ ಜನರ ಗದ್ದಲದ್ದೂ ಅಲ್ಲ. ಪ್ರಾಣಿಯ ಉಸಿರು, ನಾಡಿ, ರಕ್ತದೊತ್ತಡ ಹೇಳಿದ್ದು.

ಜನರ ಸಿಟ್ಟಿಗೆ ಸರಿಯಾದ ದಾರಿಯೊಂದಿದೆ. ಆಪರೇಷನ್ ಯಾಕೆ ಮಾಡಲಿಲ್ಲ ಎನ್ನುವ ಮೊದಲು ಇಲ್ಲಿ ಆಮ್ಲಜನಕ ಇದೆಯೇ, ಇಂಗಾಲದ ಡೈಆಕ್ಸೈಡ್ ಅಳೆಯುವ ಮಾನಿಟರ್ ಇದೆಯೇ, ಆಪರೇಷನ್ ಮುಗಿದ ಮೇಲೆ ಪಕ್ಕದಲ್ಲಿ ಕೂರುವವರು ಯಾರು ಎಂದು ಕೇಳಬೇಕು. ಅದೇ ಅಧ್ಯಯನದಲ್ಲಿ ನಾಯಿಗಳ ಸಾವಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಸಂಭವಿಸಿದ್ದು ಆಪರೇಷನ್ ಮುಗಿದ ಮೇಲೆ. ಈ ಸೌಕರ್ಯಗಳಿಗೆ ದುಡ್ಡು ಕೊಡದ ಸರ್ಕಾರವನ್ನು ಬಿಟ್ಟು, ಅವಿಲ್ಲದೆ ಕತ್ತರಿ ಹಿಡಿಯಲು ಹಿಂಜರಿದ ವೈದ್ಯರನ್ನು ದೂರುವುದು ಪ್ರಾಣಿದಯೆಯಲ್ಲ.