ಪರದೇಶದ ಹಬ್ಬಕ್ಕೊಂದು ಗೊಜ್ಜು

ಅಮೆರಿಕಾ ದೇಶದಲ್ಲಿ ಸಂಸಾರ ಹೂಡಿರುವ ನಮ್ಮ ವಾಚಕ ಸೋದರಿಯೊಬ್ಬರಿಂದ ಈ ತಿಂಗಳು ಒಂದು ಕಾಗದ ಬಂದಿದೆ. ನವೆಂಬರ್ ತಿಂಗಳಿನ ನಾಲ್ಕನೆಯ ಗುರುವಾರ ಅಲ್ಲಿಯವರು ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬಕ್ಕೆ ನೆರೆಮನೆಯವರು ಇವರನ್ನು ಊಟಕ್ಕೆ ಕರೆದಿರುವರಂತೆ. ಬರುವವರು ಒಬ್ಬೊಬ್ಬರೂ ಒಂದೊಂದು ಪದಾರ್ಥವನ್ನು ತರಬೇಕೆಂದು ಗೊತ್ತಾಗಿ, ಇವರ ಪಾಲಿಗೆ ಕ್ರಾನ್‌ಬೆರಿ ಸಾಸ್ ಬಂದಿದೆ. “ಡಬ್ಬಿಯಲ್ಲಿ ಸಿಕ್ಕುವುದು ಬರಿಯ ಸಿಹಿ. ನಮ್ಮ ಕೈಗುಣ ಕಾಣುವಂತೆ ಅದನ್ನು ಉತ್ತಮಪಡಿಸುವ ಬಗೆಯನ್ನು ತಿಳಿಸಿರಿ. ಮೊದಲ ಸಲ ಅವರ ಮನೆಗೆ ಹೋಗುವುದು, ನಗೆಗೀಡಾಗಬಾರದು” ಎಂದು ಬರೆದಿದ್ದಾರೆ. ಪ್ರಶ್ನೆಯು ಒಂದು ಬಟ್ಟಲು ವ್ಯಂಜನದ್ದಾದರೂ ಅದರ ಹಿಂದಿರುವ ಆತಂಕವು ಸಣ್ಣದಲ್ಲ.

ಇಲ್ಲಿಯ ವಾಚಕರಿಗಾಗಿ ಮೊದಲು ಆ ಹಣ್ಣಿನ ಪರಿಚಯವನ್ನು ಹೇಳುತ್ತೇವೆ. ಕ್ರಾನ್‌ಬೆರಿಯು ಉತ್ತರ ಅಮೆರಿಕೆಯ ಜೌಗು ನೆಲದಲ್ಲಿ ಹಬ್ಬಿ ಬೆಳೆಯುವ ಬಳ್ಳಿಯ ಹಣ್ಣು. ನೋಟಕ್ಕೆ ನಮ್ಮ ಕವಳಿಹಣ್ಣನ್ನು ಹೋಲುವ ಕೆಂಪು ಹಣ್ಣು. ಸಸ್ಯಕುಲ ಬೇರೆಯಾದರೂ ಹುಳಿಯಲ್ಲಿ ಎರಡೂ ಅಕ್ಕತಂಗಿಯರೇ. ಹಣ್ಣಿನೊಳಗೆ ಗಾಳಿ ತುಂಬಿದ ಗೂಡುಗಳಿರುವುದರಿಂದ ಅದು ನೀರಿನಲ್ಲಿ ತೇಲುತ್ತದೆ. ಕೊಯ್ಲಿನ ಕಾಲದಲ್ಲಿ ತೋಟಕ್ಕೆ ನೀರು ಕಟ್ಟಿ, ಹಣ್ಣನ್ನು ಬಳ್ಳಿಯಿಂದ ಕಳಚಿ, ತೇಲಿಬಂದ ಕೆಂಪು ರಾಶಿಯನ್ನು ಒಂದೆಡೆಗೆ ಕೂಡಿಸುವ ಪದ್ಧತಿಯುಂಟು. ಮ್ಯಾಸಚೂಸೆಟ್ಸ್ ಪ್ರಾಂತದ ಡೆನಿಸ್ ಎಂಬ ಊರಿನಲ್ಲಿ ಹೆನ್ರಿ ಹಾಲ್ ಎಂಬಾತನು 1816ರ ಸುಮಾರಿನಲ್ಲಿ ಇದರ ಬೇಸಾಯವನ್ನು ಆರಂಭಿಸಿದನು. ಗಾಳಿಗೆ ಮರಳು ಹಾರಿ ಬಳ್ಳಿಯ ಮೇಲೆ ಬಿದ್ದ ಕಡೆ ಫಸಲು ಹೆಚ್ಚಾದುದನ್ನು ಆತನು ಗಮನಿಸಿದ್ದನು. ಇಂದು ವಿಸ್ಕಾನ್ಸಿನ್ ಪ್ರಾಂತವು ಈ ಬೆಳೆಯಲ್ಲಿ ಮುಂದಾಗಿದೆ. ಅಮೀಲಿಯಾ ಸಿಮನ್ಸ್ ಎಂಬಾಕೆ 1796ರಲ್ಲಿ ಅಚ್ಚು ಹಾಕಿಸಿದ ಪಾಕಪುಸ್ತಕದಲ್ಲಿಯೇ ಟರ್ಕಿ ಕೋಳಿಯ ಮಾಂಸದೊಡನೆ ಈ ಸಾಸನ್ನು ಬಡಿಸಬೇಕೆಂದಿದೆ.

ಹಬ್ಬದ ಊಟದಲ್ಲಿ ಇದರ ಸ್ಥಾನವೇನೆಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿಯ ಎಡೆಯಲ್ಲಿ ಬೇಯಿಸಿದ ಮಾಂಸ, ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆ, ರೊಟ್ಟಿಯ ಹೂರಣ ಇವೇ ಮುಖ್ಯ. ಎಲ್ಲವೂ ಮೆತ್ತಗೆ, ಎಲ್ಲವೂ ಜಿಡ್ಡು. ನಡುವೆ ನಾಲಗೆಯನ್ನು ಎಚ್ಚರಿಸುವುದಕ್ಕೆ ಹುಳಿಯೊಂದು ಬೇಕು. ನಮ್ಮ ಎಲೆಯ ಮೇಲೆ ಗೊಜ್ಜು ಮಾಡುವ ಕೆಲಸವನ್ನೇ ಅಲ್ಲಿ ಈ ಸಾಸು ಮಾಡುತ್ತದೆ. ಆದುದರಿಂದ ಇದನ್ನು ಪಾಯಸದಂತೆ ಸಿಹಿ ಮಾಡುವುದು ತಪ್ಪು. ಹುಳಿಯು ಮುಂದೆ ನಿಂತು ಸಿಹಿಯು ಅದರ ಬೆನ್ನಿಗಿರಬೇಕು.

ಮೂಲಪಾಕವು ಬಹು ಸುಲಭವಾದದ್ದು. 340 ಗ್ರಾಂ ಹಣ್ಣಿಗೆ 200 ಗ್ರಾಂ ಸಕ್ಕರೆ, ಒಂದು ದೊಡ್ಡ ಬಟ್ಟಲು, ಅಂದರೆ 240 ಮಿಲಿಲೀಟರ್ ನೀರು. ಮೆತ್ತಗಾದ ಹಣ್ಣುಗಳನ್ನು ಆರಿಸಿ ತೆಗೆಯಿರಿ. ಸಕ್ಕರೆ ನೀರನ್ನು ಕುದಿಸಿ ಹಣ್ಣನ್ನು ಹಾಕಿದರೆ, ಸ್ವಲ್ಪ ಹೊತ್ತಿನಲ್ಲಿ ಅವು ಪಟಪಟನೆ ಒಡೆಯತೊಡಗುತ್ತವೆ. ಉರಿಯನ್ನು ತಗ್ಗಿಸಿ ಸುಮಾರು ಹತ್ತು ನಿಮಿಷ ಬೇಯಿಸಿ ಇಳಿಸತಕ್ಕದ್ದು. ಹೊಸಬರು ತಪ್ಪುವುದು ಈ ಘಟ್ಟದಲ್ಲಿಯೇ. ನೀರಾಗಿದೆಯೆಂದು ಹೆದರಿ ಇನ್ನೂ ಕುದಿಸುತ್ತಾರೆ. ತಣಿದ ಮೇಲೆ ನೋಡಿದರೆ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ! ಈ ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟುದ್ರವ್ಯವು ಧಾರಾಳವಾಗಿದೆ. ಹುಳಿ ಸಕ್ಕರೆಗಳೊಡನೆ ಕೂಡಿ ಅದು ಹೆಪ್ಪುಗಟ್ಟುವುದು ತಣಿಯುವಾಗ. ಬಿಸಿಯಿರುವಾಗ ಸೌಟಿನಿಂದ ಸಲೀಸಾಗಿ ಹರಿಯುವಂತಿದ್ದರೆ ಹದ ಸರಿಯಾಗಿದೆಯೆಂದು ತಿಳಿಯಿರಿ. ಕಲಾಯಿಯಿಲ್ಲದ ಹಿತ್ತಾಳೆ ತಾಮ್ರಗಳನ್ನೂ ಕಬ್ಬಿಣದ ಬಾಣಲೆಯನ್ನೂ ಉಪಯೋಗಿಸಕೂಡದು; ಹುಳಿಗೆ ಅವು ಕಿಲುಬುತ್ತವೆ.

ಇನ್ನು ಸುಧಾರಣೆಯ ಮಾತು. ಇಳಿಸುವಾಗ ಒಂದು ಚಿಟಿಕೆ ಉಪ್ಪು ಬಿದ್ದರೆ ಹಣ್ಣಿನ ಕಹಿ ಅಡಗುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಹೊರಗಿನ ಬಣ್ಣದಷ್ಟೇ ತುರಿದು ಕೊನೆಯಲ್ಲಿ ಬೆರಸಿದರೆ ಪರಿಮಳ ಉಳಿಯುತ್ತದೆ. ಒಳಗಿನ ಬಿಳಿಯ ಪದರ ಬಂದರೆ ಮತ್ತೆ ಕಹಿ. ನೀರಿನ ಅರ್ಧಭಾಗಕ್ಕೆ ಬದಲಾಗಿ ಕಿತ್ತಳೆಯ ರಸವನ್ನು ಹಾಕಬಹುದು. ಸಣ್ಣಗೆ ಹೆಚ್ಚಿದ ಸೇಬನ್ನು ಕೂಡಿಸಿದರೆ ಸಕ್ಕರೆಯು ಅಷ್ಟು ಕಡಿಮೆ ಸಾಕು. ಹಸಿಶುಂಠಿಯ ತುರಿ, ಒಂದು ತುಂಡು ಚಕ್ಕೆ, ಎರಡು ಲವಂಗ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿರಿ; ಎಲ್ಲವನ್ನೂ ತುಂಬಿದರೆ ಹಣ್ಣು ಎಲ್ಲಿ ಹೋಯಿತೆಂದು ಹುಡುಕಬೇಕಾದೀತು. ಬೇಯಿಸದೆಯೂ ಮಾಡುವುದುಂಟು: ಹಸಿಯ ಹಣ್ಣನ್ನು ಬೀಜ ತೆಗೆದ ಇಡೀ ಕಿತ್ತಳೆಯೊಡನೆ ತರಿತರಿಯಾಗಿ ರುಬ್ಬಿ, ಸಕ್ಕರೆ ಕೂಡಿಸಿ, ಒಂದು ರಾತ್ರಿ ರೆಫ್ರಿಜರೇಟರಿನಲ್ಲಿಟ್ಟರೆ ಒಗರು ಕಳೆದು ರುಚಿಯಾಗುತ್ತದೆ.

ನಮ್ಮ ರೀತಿಯ ಗೊಜ್ಜೇ ಬೇಕೆನ್ನುವವರು ಅರ್ಧ ಸಕ್ಕರೆ, ಅರ್ಧ ಬೆಲ್ಲ ಹಾಕಿ, ಸಾಸಿವೆ, ಒಣಮೆಣಸಿನಕಾಯಿ, ಇಂಗುಗಳ ಒಗ್ಗರಣೆ ಕೊಡಬಹುದು. ಹುರಿದು ಪುಡಿಮಾಡಿದ ಮೆಂತ್ಯವು ಕಾಲು ಚಮಚೆಯನ್ನು ಮೀರಬಾರದು. ಚಪಾತಿಗೂ ಅಕ್ಕಿರೊಟ್ಟಿಗೂ ಇದು ಸೊಗಸಾಗಿ ಹೊಂದುತ್ತದೆ. ಆದರೆ ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಕೆಳಗೆ ನಾವು ಆ ದೇಶದಲ್ಲಿರುವ ಮಗಳ ಮನೆಯಲ್ಲಿ ನವೆಂಬರ್ ತಿಂಗಳನ್ನು ಕಳೆದೆವು. ಹಬ್ಬದ ದಿನ ಅಡಿಗೆಯ ಮನೆಯಲ್ಲಿ ನಮಗೆ ದೊರೆತ ಕೆಲಸ ಇದೊಂದೇ. ಗೊಜ್ಜೆಂದ ಮೇಲೆ ಹುಣಿಸೆಹಣ್ಣು ಬೇಡವೇ ಎಂಬ ಅಭ್ಯಾಸಬಲದಿಂದ ಅದನ್ನು ಹಿಂಡಿದೆವು. ಮೊದಲೇ ಹುಳಿಯ ಹಣ್ಣು; ಹುಳಿಯ ಮೇಲೆ ಹುಳಿ ಬಿದ್ದು, ಅದಕ್ಕೆ ಸರಿಗಟ್ಟಲು ಬೆಲ್ಲದ ಮೇಲೆ ಬೆಲ್ಲ ಬಿದ್ದು, ಮಾಣಿಕ್ಯದಂತಹ ಬಣ್ಣವು ಕೆಸರಾಯಿತು. ಊಟಕ್ಕೆ ಬಂದವರಲ್ಲಿ ಪಕ್ಕದ ಮನೆಯ ವೃದ್ಧೆಯೊಬ್ಬಳಿದ್ದಳು. ಆ ವರ್ಷವೇ ಪತಿಯನ್ನು ಕಳೆದುಕೊಂಡಿದ್ದಳು. ನಮ್ಮ ಗೊಜ್ಜನ್ನು ಮರ್ಯಾದೆಗಾಗಿ ರುಚಿನೋಡಿ, ಮೆಲ್ಲನೆ, “ಡಬ್ಬಿಯದು ಇದೆಯೇ?” ಎಂದು ಮಗಳನ್ನು ಕೇಳಿದಳು.

ಡಬ್ಬಿಯ ಕಥೆಯನ್ನೂ ಇಲ್ಲಿ ಹೇಳಬೇಕು. ಮಾರ್ಕಸ್ ಯೂರನ್ ಎಂಬ ವಕೀಲನು 1912ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಕ್ರಾನ್‌ಬೆರಿ ಸಾಸನ್ನು ಡಬ್ಬಿಗೆ ತುಂಬಿ ಮಾರಲಾರಂಭಿಸಿದನು. ಬೆಲ್ಲದಚ್ಚಿನಂತೆ ಡಬ್ಬಿಯ ಆಕಾರದಲ್ಲಿಯೇ ಹೊರಬೀಳುವ ಆ ಸಾಸಿನ ಮೇಲೆ ಡಬ್ಬಿಯ ಉಂಗುರಗಳ ಗುರುತು ಮೂಡಿರುತ್ತದೆ. ಮಗಳು ಬೀರುವಿನಿಂದ ಒಂದನ್ನು ತೆಗೆದು ತಟ್ಟೆಗೆ ಸುರಿದಳು. ವೃದ್ಧೆಯು ಆ ಗೆರೆಗಳನ್ನೇ ಹಿಡಿದು ಒಂದೇ ಸಮನಾಗಿ ಬಿಲ್ಲೆಬಿಲ್ಲೆಯಾಗಿ ಕೊಯ್ದು ಎಲ್ಲರಿಗೂ ಬಡಿಸಿದಳು. “ಪ್ರತಿವರ್ಷವೂ ಇದು ನಮ್ಮ ಯಜಮಾನರ ಕೆಲಸವಾಗಿತ್ತು” ಎಂದಳು. ಆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಾವು ರುಚಿಯಿಲ್ಲದ್ದೆಂದು ಮೂಲೆಗೆ ತಳ್ಳಿದ್ದುದು ಆಕೆಯ ಪಾಲಿನ ಹಬ್ಬವಾಗಿತ್ತು. ನಮ್ಮ ಯುಗಾದಿಯ ದಿನ ಯಾರಾದರೂ ಬೇವುಬೆಲ್ಲವನ್ನು ಉತ್ತಮಪಡಿಸುವೆನೆಂದು ಬೇವನ್ನೇ ಬಿಟ್ಟರೆ ನಮಗೆ ಹೇಗಾದೀತು? ದಿನದ ಅಡಿಗೆಯನ್ನು ಎಷ್ಟು ಬೇಕಾದರೂ ತಿದ್ದಬಹುದು. ಹಬ್ಬದ ಅಡಿಗೆಯಲ್ಲಿ ನಾಲಗೆಯೊಡನೆ ನೆನಪೂ ಉಣ್ಣಲು ಕುಳಿತಿರುತ್ತದೆ.

ಆದುದರಿಂದ ಸೋದರಿಯವರಿಗೆ ನಮ್ಮ ಸೂಚನೆ ಇಷ್ಟು. ತಾವು ಎರಡು ಬಟ್ಟಲುಗಳನ್ನು ಒಯ್ಯಿರಿ. ಒಂದರಲ್ಲಿ ಮೂಲಪಾಕ, ಕಿತ್ತಳೆಯ ಪರಿಮಳದ ಹೊರತು ಮತ್ತೇನೂ ಬೇಡ. ಇನ್ನೊಂದರಲ್ಲಿ ಒಗ್ಗರಣೆಯ ಗೊಜ್ಜು, ಹುಣಿಸೆಹಣ್ಣಿಲ್ಲದೆ! ಎರಡನ್ನೂ ಹಿಂದಿನ ದಿನವೇ ಮಾಡಿಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಹಬ್ಬದ ದಿನ ಗಡಿಬಿಡಿಯೂ ಇರುವುದಿಲ್ಲ. ಮೊದಲನೆಯದು ಅವರ ಹಬ್ಬಕ್ಕೆ ತಾವು ಸಲ್ಲಿಸುವ ಗೌರವ. ಎರಡನೆಯದು ತಮ್ಮ ಮನೆಯ ಪರಿಚಯ. ಯಾವುದು ಮೊದಲು ಬರಿದಾಯಿತೆಂಬುದನ್ನು ಮಾತ್ರ ನಮಗೆ ಮರೆಯದೆ ಬರೆದು ತಿಳಿಸಬೇಕು.