ನೀರಿಗಿಂತ ಮುಂದೆ ಬರುವ ಅಲೆ

ಸಮುದ್ರದ ಅಲೆಯ ಬಗ್ಗೆ ವಿಜ್ಞಾನ ತಿಳಿದುಕೊಂಡಿದ್ದರಲ್ಲಿ ಒಂದು ಪಾಲು ಕಾಲುವೆಯ ದಂಡೆಯಲ್ಲಿ ಕಲಿತದ್ದು. 1834ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಂತಿತು. ಅದರ ಮೂತಿಯ ಬಳಿ ಒಟ್ಟಾಗಿದ್ದ ನೀರು ಮಾತ್ರ ನಿಲ್ಲಲಿಲ್ಲ. ಒಂದು, ಒಂದೂವರೆ ಅಡಿ ಎತ್ತರದ ದಿಬ್ಬವಾಗಿ ಮುಂದೆ ಉರುಳಿತು. ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರ್ ಕುದುರೆಯೇರಿ ಅದರ ಬೆನ್ನು ಹತ್ತಿದ. ಒಂದೆರಡು ಮೈಲಿ ಹೋದ ಮೇಲೆ ಕಾಲುವೆಯ ತಿರುವುಗಳಲ್ಲಿ ಅಲೆ ಅವನ ಕಣ್ತಪ್ಪಿತು.

ಮುಂದೆ ತೊಟ್ಟಿ ಕಟ್ಟಿಸಿ ಪ್ರಯೋಗ ಮಾಡಿದ ರಸೆಲ್, ಇಂಥ ಅಲೆಯ ವೇಗವನ್ನು ನೀರಿನ ಆಳ ನಿರ್ಧರಿಸುತ್ತದೆ ಎಂದು ಕಂಡ. ಆಳವನ್ನು ಗುರುತ್ವದಿಂದ ಗುಣಿಸಿ ವರ್ಗಮೂಲ ತೆಗೆದರೆ ಸರಿಸುಮಾರು ವೇಗ ಸಿಗುತ್ತದೆ. ನಾಲ್ಕು ಕಿಲೋಮೀಟರ್ ಆಳದ ಸಾಗರದಲ್ಲಿ ಸುನಾಮಿ ಗಂಟೆಗೆ 700 ಕಿಲೋಮೀಟರ್ ಓಡುವುದು ಈ ಲೆಕ್ಕದಿಂದಲೇ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಯ ಕಾಲುವೆಯಲ್ಲಿ ಎರಡು ಮೀಟರ್ ನೀರು ನಿಂತಿದ್ದರೆ, ಗೇಟು ಎತ್ತಿದಾಗ ಏಳುವ ಅಲೆಯ ಮೊದಲ ತುದಿ ಗಂಟೆಗೆ 16 ಕಿಲೋಮೀಟರಿನ ಹತ್ತಿರ ಹೋಗುವುದೂ ಅದರಿಂದಲೇ. ಹತ್ತಿರದ ಕಡಲು ಸುಮಾರು ಮುನ್ನೂರು ಕಿಲೋಮೀಟರ್ ದೂರವಿರುವ ಬಳ್ಳಾರಿಗೆ ಕಡಲಿನ ಗಣಿತ ದೂರದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಆದರೆ ಒಣಗಿದ ಕಾಲುವೆಯಲ್ಲಿ ಅಲೆ ಓಡಲಾರದು. ಅಲ್ಲಿ ನೀರೇ ನಡೆದು ಬರಬೇಕು. ಬಿರಿದ ನೆಲಕ್ಕೆ ಕುಡಿಸಬೇಕು, ಹೂಳು ದಾಟಬೇಕು, ಮೇಲಿನ ತೂಬುಗಳಿಗೆ ಪಾಲು ಕೊಡಬೇಕು. ಕೊನೆ ಭಾಗದ ರೈತ ಸಸಿಮಡಿ ಒಣಗುವುದನ್ನು ನೋಡುತ್ತಾ ಕಾಯುವುದರ ಹಿಂದೆ ರಾಜಕೀಯವಷ್ಟೇ ಅಲ್ಲ, ಈ ಭೌತಶಾಸ್ತ್ರವೂ ಇದೆ.

ಗಾಳಿ ಎಬ್ಬಿಸುವ ಕಡಲ ಅಲೆಯ ಸ್ವಭಾವ ಬೇರೆ. ಅಲ್ಲಿ ನೀರಿನ ಕಣ ಇದ್ದಲ್ಲೇ ಸುತ್ತು ಹಾಕುತ್ತದೆ, ಮುಂದೆ ಹೋಗುವುದು ಶಕ್ತಿ ಮಾತ್ರ. ಎರಡು ಅಲೆಗಳ ನಡುವಿನ ದೂರದ ಅರ್ಧದಷ್ಟು ಆಳಕ್ಕೆ ಇಳಿದರೆ ಆ ಕುಲುಕಾಟ ಹೆಚ್ಚುಕಡಿಮೆ ಇಲ್ಲ. ತುಂಗಭದ್ರಾ ಜಲಾಶಯದ ಮೇಲೆ ಗಾಳಿ ಬೀಸಿದಾಗ ಏಳುವ ತೆರೆಗಳೂ ಇದೇ ಜಾತಿಯವು.

ನದಿಯ ಪ್ರವಾಹದಲ್ಲಿ ನೀರೂ ಸಾಗುತ್ತದೆ, ಅಲೆಯೂ ಸಾಗುತ್ತದೆ, ಎರಡರ ವೇಗ ಮಾತ್ರ ಒಂದಲ್ಲ. ಅಮೆರಿಕದ ಎಂಜಿನಿಯರ್ ಸೆಡ್ಡನ್ 1900ರಲ್ಲಿ ಇದನ್ನು ವಿವರಿಸಿದ. ಅಗಲವಾದ ನದಿಯಲ್ಲಿ ಏರಿಕೆಯ ಅಲೆ ಹರಿವಿಗಿಂತ ಒಂದೂವರೆ ಪಟ್ಟಿಗೂ ತುಸು ಹೆಚ್ಚು ವೇಗವಾಗಿ ಇಳಿದು ಬರುತ್ತದೆ. ಎಂದರೆ ಸಿರುಗುಪ್ಪದ ಬಳಿ ಹೊಳೆ ಏರತೊಡಗಿದಾಗ ದಡ ಮುಟ್ಟುವುದು ತುಂಗಭದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರಲ್ಲ, ಅದು ಮುಂದೆ ತಳ್ಳಿದ ಹಳೆಯ ನೀರು. ಬಿಟ್ಟ ನೀರು ಇನ್ನೂ ಹಿಂದಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸುವ ಹೊತ್ತಿಗೆ ಸುಮಾರು ಒಂದು ವಾರ ಕಳೆದಿತ್ತು. ನೀರು ಹರಿಯುತ್ತಿರುವಾಗಲೇ ಅದನ್ನು ಕೂರಿಸಿದ ಕೆಲಸಗಾರರನ್ನು ಎಷ್ಟು ನೆನೆದರೂ ಕಡಿಮೆ. ಅಂಥ ದಿನಗಳಲ್ಲಿ ನಮಗೆ ಕೇಳಿಸುವುದೆಲ್ಲ ಕ್ಯೂಸೆಕ್‌ಗಳ ಲೆಕ್ಕ. ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವನಿಗೆ ಒಂದು ಲಕ್ಷ ಕ್ಯೂಸೆಕ್ ಎಂದರೆ ಏನು ತಿಳಿದೀತು? ಎಷ್ಟು ಗಂಟೆಗೆ, ನಮ್ಮೂರ ದಂಡೆಯಲ್ಲಿ ಎಷ್ಟು ಅಡಿ ಏರುತ್ತದೆ ಎಂಬುದು ಅವನಿಗೆ ಬೇಕು. ಅದನ್ನು ಲೆಕ್ಕ ಹಾಕುವ ವಿದ್ಯೆ ನೂರು ವರ್ಷಕ್ಕೂ ಹಳೆಯದು. ಗೇಟು ಎತ್ತುವ ಮೊದಲೇ ಊರೂರಿನ ಗಂಟೆ ಮತ್ತು ಅಡಿಯನ್ನು ಡಂಗುರ ಸಾರಿಸಿದರೆ, ಮೋಟಾರ್ ಬಿಚ್ಚಿ ಮೇಲೆ ತರಲು, ದನ ಹೊಡೆದುಕೊಂಡು ಬರಲು ಅವನಿಗೆ ಹೊತ್ತು ಸಿಗುತ್ತದೆ.