ಮನೆತನದಲ್ಲಿ ಇಳಿದುಬರುವ ಹೃದ್ರೋಗ

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಹಠಾತ್ ಮರಣಗಳು ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಯ ಜನರಲ್ಲೂ ಭಯ ಹುಟ್ಟಿಸಿದುವು. ಎಲ್ಲವನ್ನೂ ಜನ ‘ಹಾರ್ಟ್ ಅಟ್ಯಾಕ್’ ಎಂಬ ಒಂದೇ ಹೆಸರಿನಿಂದ ಕರೆದರು. ರಕ್ತನಾಳ ಕಟ್ಟಿಕೊಂಡು ಆಗುವ ಆಘಾತವೇನೋ ಸಾಮಾನ್ಯ. ಆದರೆ ತರುಣನ ಹೃದಯ ಒಮ್ಮೆಗೇ ನಿಲ್ಲುವುದಕ್ಕೆ ಅದೊಂದೇ ಕಾರಣವಲ್ಲ. ಹೃದಯದ ಸ್ನಾಯುವಿಗೇ ತಗಲುವ ರೋಗವೂ ಉಂಟು.

ಈ ರೋಗದಲ್ಲಿ ರಕ್ತದೊತ್ತಡದಂತಹ ಕಾರಣವಿಲ್ಲದೆಯೇ ಹೃದಯದ ಎಡಭಾಗದ ಗೋಡೆ ದಪ್ಪವಾಗುತ್ತದೆ. ಸಾಧಾರಣವಾಗಿ 12 ಮಿಲಿಮೀಟರಿಗಿಂತ ಕಡಮೆಯಿರುವುದು 15 ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಬಿಗಿಯಾದ ಹೃದಯದಲ್ಲಿ ರಕ್ತ ಸರಾಗವಾಗಿ ತುಂಬಿಕೊಳ್ಳದು. ಕೆಲವರಲ್ಲಿ ಅದು ಹೊರಹರಿಯುವ ದಾರಿಯೂ ಇಕ್ಕಟ್ಟಾಗುತ್ತದೆ. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಇದಿರಬಹುದು. ಹೆಚ್ಚಿನವರು ಪೂರ್ಣಾಯುಷ್ಯ ಬಾಳುತ್ತಾರೆ; ಕೆಲವರಲ್ಲಿ ಮಾತ್ರ ಬಡಿತದ ಲಯ ಕೆಟ್ಟು ಪ್ರಾಣಾಪಾಯ ಒದಗುತ್ತದೆ.

ತೆಂಗಿನ ಮರ ಹತ್ತುವಾಗಲೋ ಕಬಡ್ಡಿಯಾಡುವಾಗಲೋ ಎಚ್ಚರ ತಪ್ಪಿ ಬೀಳುವುದು, ಏದುಸಿರು, ಎದೆನೋವು, ಎದೆ ಡವಗುಟ್ಟುವುದು ಇದರ ಲಕ್ಷಣಗಳು. ಬಿಸಿಲಿನ ಆಯಾಸವೆಂದು ಇವನ್ನು ತಳ್ಳಿಹಾಕಬಾರದು.

1958ರಲ್ಲಿ ಲಂಡನ್ನಿನ ಡೊನಾಲ್ಡ್ ಟಿಯರ್ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದುದು, ಹಠಾತ್ತನೆ ಮಡಿದ ತರುಣರ ಶವಪರೀಕ್ಷೆಯಿಂದ. ‘ಹೋದ ಜೀವ ಬಾರದು, ದೇಹವನ್ನೇಕೆ ಕೊಯ್ಯಿಸಬೇಕು?’ ಎಂಬ ಸಂಕಟ ಸಹಜವಾದುದೇ. ಆದರೆ ಈ ರೋಗ ಬಹುಮಟ್ಟಿಗೆ ವಂಶಪಾರಂಪರ್ಯವಾದುದು. ಅಂತಹ ಮನೆತನದಲ್ಲಿ ತಂದೆಗೋ ತಾಯಿಗೋ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವವುಂಟು. ಸತ್ತವನ ಹೃದಯ ಹೇಳುವ ಸತ್ಯ ಬದುಕಿರುವ ತಮ್ಮ ತಂಗಿಯರನ್ನು ಕಾಯಬಲ್ಲದು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಮರಣಗಳಿಗೆ ಶವಪರೀಕ್ಷೆ ಕಡ್ಡಾಯವೆಂದು ರಾಜ್ಯ ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿದುದರ ಪ್ರಯೋಜನ ಇಲ್ಲಿದೆ.

ಮನೆಯಲ್ಲಿ ಒಬ್ಬರಿಗೆ ರೋಗವಿದೆಯೆಂದು ತಿಳಿದೊಡನೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇ.ಸಿ.ಜಿ. ಮತ್ತು ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಸಲ ದೋಷ ಕಾಣದಿದ್ದರೂ, ವೈದ್ಯರು ಹೇಳಿದ ಅವಧಿಗೆ ಮಕ್ಕಳನ್ನು ಮತ್ತೆ ತೋರಿಸಬೇಕು. ಗೋಡೆ ದಪ್ಪವಾಗುವುದು ಅನೇಕ ವೇಳೆ ಹರೆಯದಲ್ಲಿ.

ಬಡಿತದ ವೇಗವನ್ನು ತಗ್ಗಿಸುವ ಮಾತ್ರೆಗಳು ಹಲವರಿಗೆ ಸಾಕು. ಇಕ್ಕಟ್ಟು ಬಹಳವಾದರೆ ದಪ್ಪಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದುಂಟು. ಅಪಾಯ ಹೆಚ್ಚಿರುವವರ ಎದೆಯಲ್ಲಿ, ಲಯ ಕೆಟ್ಟೊಡನೆ ವಿದ್ಯುತ್ತಿನಿಂದ ಸರಿಪಡಿಸುವ ಪುಟ್ಟ ಯಂತ್ರವನ್ನು ಅಳವಡಿಸುತ್ತಾರೆ. ರೋಗಿಯು ಗುಣವಾಯಿತೆಂದು ಮಾತ್ರೆಯನ್ನು ತಾನಾಗಿ ಬಿಡಬಾರದು. ನೀರನ್ನೂ ಬಿಟ್ಟು ಉಪವಾಸ ಮಾಡಬಾರದು. ಎಷ್ಟು ದುಡಿಯಬಹುದು, ಯಾವ ಆಟವಾಡಬಹುದು ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು.

‘ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡವರುಂಟೆ?’ ವೈದ್ಯರು ಹೀಗೆ ಕೇಳಿದಾಗ ವಾಚಕರು ಸಂಕೋಚಪಡದಿರಲಿ. ಅವರು ಕೇಳದಿದ್ದರೆ ತಾವಾಗಿಯೇ ಹೇಳಲಿ.